ಮಡಿಲಲ್ಲಿ ಕುಳಿತ ಪ್ರೇಕ್ಷಕರು: ಕಂಪನಿ ನಾಟಕವೂ ಮನೆಮಂದಿಯ ರಾತ್ರಿಯೂ

ಕನ್ನಡ ವೃತ್ತಿರಂಗಭೂಮಿಯ ಚರಿತ್ರೆಯನ್ನು ಬರೆದವರು ಕಂಪನಿಗಳ ಮಾಲೀಕರನ್ನು, ಹೆಸರಾಂತ ನಟರನ್ನು, ನಾಟಕ ಬರೆದುಕೊಟ್ಟ ಕವಿಗಳನ್ನು ಕುರಿತು ಸಾಕಷ್ಟು ವಿವರವಾಗಿಯೇ ಬರೆದಿದ್ದಾರೆ. ಆದರೆ ಪರದೆಯ ಈಚೆ ಬದಿಯಲ್ಲಿ, ನೆಲದ ಮೇಲೂ ಬೆಂಚಿನ ಮೇಲೂ ಕುಳಿತು ಆ ಕಂಪನಿಗಳ ಅನ್ನಕ್ಕೆ ದಾರಿಯಾದವರ ವಿಷಯ ಈ ಬರಹಗಳಲ್ಲಿ ಬಂದುಹೋಗುವ ಮಾತಾಗಿದೆಯೇ ಹೊರತು ವಿಚಾರದ ವಸ್ತುವಾಗಿಲ್ಲ. ಅಪ್ಪನ ಕೈಹಿಡಿದು ಇಲ್ಲವೇ ಅಮ್ಮನ ಮಡಿಲಲ್ಲಿ ಕುಳಿತು ಒಂದು ರಾತ್ರಿ ಸಂಗೀತ ನಾಟಕ ನೋಡುವುದು ಇಪ್ಪತ್ತನೆಯ ಶತಮಾನದ ಮೊದಲರ್ಧದ ಕರ್ನಾಟಕದಲ್ಲಿ ಅನೇಕ ಮಕ್ಕಳಿಗೆ ಒದಗಿದ ಭಾಗ್ಯ. ಅದು ತಾನಾಗಿ ಬೆಳೆದುಬಂದ ರೂಢಿಯೆಂದು ಈಗ ತೋರಿದರೂ ಹಾಗಲ್ಲ. ಮನೆಮಂದಿಯನ್ನು ಥಿಯೇಟರಿಗೆ ಕರೆತರಲು ಕಂಪನಿಗಳು ಕಥೆಯ ಆಯ್ಕೆಯಲ್ಲಿ, ಕೂರುವ ಜಾಗದ ಏರ್ಪಾಟಿನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಹಾಡುಗಳಲ್ಲಿ ತಿಳಿದೇ ಮಾಡಿದ ಕೆಲಸದ ಫಲ ಅದು.

ಕಂಪನಿ ನಾಟಕ ಬರುವ ಮುಂಚೆಯೂ ಹಳ್ಳಿಗಳಲ್ಲಿ ರಾತ್ರಿಯಿಡೀ ಆಟಗಳು ನಡೆಯುತ್ತಿದ್ದವು. ಕರಾವಳಿಯ ಯಕ್ಷಗಾನ, ಬಯಲುಸೀಮೆಯ ದೊಡ್ಡಾಟ, ಉತ್ತರದ ಸಣ್ಣಾಟ ಮತ್ತು ಪಾರಿಜಾತ ಇವೆಲ್ಲ ಬಯಲಿನಲ್ಲಿ, ಹರಕೆಗೋ ಹಬ್ಬಕ್ಕೋ, ಊರಿನವರ ಇಲ್ಲವೇ ದೇವಸ್ಥಾನದ ಖರ್ಚಿನಲ್ಲಿ ನಡೆಯುತ್ತಿದ್ದುದರಿಂದ ನೋಡುವವನು ತಲೆಗಿಷ್ಟು ಎಂದು ಹಣ ಎಣಿಸಿಕೊಡುವ ಪ್ರಸಂಗ ಸಾಮಾನ್ಯವಾಗಿ ಇರಲಿಲ್ಲ. ಚಾಪೆ ಕಂಬಳಿ ಹೊತ್ತು ಬಂದ ಮಕ್ಕಳು ನಡುರಾತ್ರಿಗೆ ಮಲಗಿ, ರಾಕ್ಷಸ ವೇಷದ ಅಬ್ಬರಕ್ಕೆ ಎಚ್ಚೆತ್ತು, ಮತ್ತೆ ಮಲಗುತ್ತಿದ್ದರು. ಈ ಆಟಗಳಿಗೂ ಕಂಪನಿ ನಾಟಕಕ್ಕೂ ಇರುವ ನಂಟು ಒಂದು ಸುತ್ತು ಹಾಕಿ ಬಂದದ್ದು. ಹೊನ್ನಾವರದ ಬಳಿಯ ಕರ್ಕಿಯ ಭಾಗವತ ಮೇಳ 1842ರಲ್ಲಿ ಸಾಂಗ್ಲಿಯ ದರ್ಬಾರಿನಲ್ಲಿ ಆಡಿ ತೋರಿಸಿದ ಆಟವನ್ನು ನೋಡಿದ ಮೇಲೆ, ಅಲ್ಲಿನ ಅರಸರ ಪ್ರೋತ್ಸಾಹದಿಂದ ವಿಷ್ಣುದಾಸ ಭಾವೆ 1843ರಲ್ಲಿ 'ಸೀತಾ ಸ್ವಯಂವರ'ವನ್ನು ರಂಗಕ್ಕೆ ತಂದರು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಎಣಿಸುವುದು ಅಲ್ಲಿಂದಲೇ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ'ವನ್ನು ಆಡಿದಾಗ, ಪಾತ್ರಧಾರಿಗಳೇ ಹಾಡುತ್ತ ಕಥೆಯನ್ನು ಮುಂದಕ್ಕೊಯ್ಯುವ 'ಸಂಗೀತ ನಾಟಕ'ಕ್ಕೆ ನೆಲೆ ಸಿಕ್ಕಿತು. ಕರ್ನಾಟಕದ ಮೇಳದಿಂದ ಪ್ರೇರಣೆ ಪಡೆದ ಕಲೆ ಹೀಗೆ ನಾಲ್ಕು ದಶಕಗಳೊಳಗೆ ಪರದೆ, ಟಿಕೆಟ್ಟು, ಹಾರ್ಮೋನಿಯಂ ಕಟ್ಟಿಕೊಂಡು ಮರಾಠಿ ಮಂಡಳಿಗಳ ರೂಪದಲ್ಲಿ ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳಿಗೆ ಹಿಂದಿರುಗಿತು.

ಆ ಮಂಡಳಿಗಳ ಮುಂದೆ ಕನ್ನಡಿಗರು ಮರಾಠಿ ನಾಟಕಕ್ಕೆ ಹಣ ಕೊಟ್ಟು ಕೂರುತ್ತಿದ್ದುದನ್ನು ಕಂಡು ನೊಂದವರಲ್ಲಿ ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು ಮೊದಲಿಗರು. 1870ರ ದಶಕದಲ್ಲಿ ಅವರು ಗದಗಿನಲ್ಲಿ ವೀರನಾರಾಯಣನ ಹೆಸರಿನಲ್ಲಿ ಮಂಡಳಿ ಕಟ್ಟಿ, 'ಉಷಾಹರಣ' ಮೊದಲಾದ ನಾಟಕಗಳನ್ನು ಬರೆದು ಆಡಿಸಿದರು. ಮೈಸೂರಿನಲ್ಲಿ ದಾರಿ ಬೇರೆಯಾಯಿತು. ಅಲ್ಲಿ ಪಾರ್ಸಿ ಮತ್ತು ಮರಾಠಿ ಕಂಪನಿಗಳ ಆಟವನ್ನು ಮೆಚ್ಚಿದ ಹತ್ತನೆಯ ಚಾಮರಾಜ ಒಡೆಯರ ಆಶ್ರಯದಲ್ಲಿ 1880ರ ದಶಕದ ಆರಂಭಕ್ಕೆ ಅರಮನೆಯ ನಾಟಕ ಸಭೆ ರೂಪುಗೊಂಡು, ಬಸವಪ್ಪ ಶಾಸ್ತ್ರಿಗಳ 'ಶಾಕುಂತಲ'ದಂಥ ಕೃತಿಗಳು ರಂಗವೇರಿದವು. ಅರಮನೆಯ ನಾಟಕ ಆಹ್ವಾನಿತರದು, ಗದಗಿನ ನಾಟಕ ಅಭಿಮಾನಿಗಳದು. ಊರೂರಿನ ಸಂಸಾರಸ್ಥರನ್ನು ಟಿಕೆಟ್ಟಿನ ಕಿಟಕಿಯ ಬಳಿ ನಿಲ್ಲಿಸುವ ಕೆಲಸ ಇವೆರಡರ ನಂತರ ಬಂದ ಸಂಚಾರಿ ಕಂಪನಿಗಳದ್ದಾಯಿತು. ಗುಬ್ಬಿಯ ಹವ್ಯಾಸಿಗಳು 1884ರಲ್ಲಿ ಹುಟ್ಟುಹಾಕಿದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ, ಎ.ವಿ. ವರದಾಚಾರ್ಯರ ರತ್ನಾವಳಿ ಕಂಪನಿ, ಉತ್ತರದಲ್ಲಿ ಶಿರಹಟ್ಟಿ ವೆಂಕೋಬರಾಯರ, ಗರುಡ ಸದಾಶಿವರಾಯರ, ವಾಮನರಾವ್ ಮಾಸ್ತರರ ಮಂಡಳಿಗಳು ಈ ಬಗೆಯವು. ಕಂಪನಿಗಳ ಹೆಸರಿನಲ್ಲಿ ಒಬ್ಬ ದೇವರು ಇಲ್ಲವೇ ಗುರು ಇದ್ದು 'ಕೃಪಾಪೋಷಿತ', 'ಪ್ರಾಸಾದಿತ' ಎಂಬ ವಿಶೇಷಣ ಸೇರಿರುವುದು ಬರಿಯ ಭಕ್ತಿಯಲ್ಲ. ನಾಟಕದವರೆಂದರೆ ಮೂಗು ಮುರಿಯುತ್ತಿದ್ದ ಕಾಲದಲ್ಲಿ ಹೆಂಡತಿ ಮಕ್ಕಳನ್ನು ಕರೆತರಬಹುದಾದ ಜಾಗ ಇದು ಎಂದು ಯಜಮಾನನಿಗೆ ಕೊಟ್ಟ ಭರವಸೆಯೂ ಹೌದು.

ಭರವಸೆ ಹೆಸರಿನಲ್ಲಿ ಮಾತ್ರ ಇದ್ದರೆ ಸಾಲದಾಗಿತ್ತು, ಕಟ್ಟಡದಲ್ಲೂ ಕಾಣಬೇಕಾಗಿತ್ತು. ಕಂಪನಿಯೊಂದು ಒಂದು ಊರಿಗೆ ಬಂದು ಕೆಲವು ತಿಂಗಳು ನೆಲೆನಿಲ್ಲುವುದಕ್ಕೆ 'ಕ್ಯಾಂಪು' ಎನ್ನುತ್ತಿದ್ದರು. ಊರ ಬಯಲಲ್ಲಿ ಬಿದಿರು, ತಗಡು, ತಟ್ಟಿಗಳಿಂದ ಎದ್ದುನಿಲ್ಲುತ್ತಿದ್ದ ಥಿಯೇಟರಿನಲ್ಲಿ ನೆಲ, ಬೆಂಚು, ಕುರ್ಚಿ ಎಂದು ದರದ ಪ್ರಕಾರ ಜಾಗಗಳಿದ್ದವು. ಇದರ ಜೊತೆಗೆ ಹೆಂಗಸರಿಗೆ ಒಂದು ಪಕ್ಕವನ್ನು ಹಗ್ಗ ಕಟ್ಟಿಯೋ ತಟ್ಟಿ ಮರೆಮಾಡಿಯೋ ಬೇರೆ ಇಡುವುದು, ಅದಕ್ಕೆ ಬೇರೆ ಬಾಗಿಲು ಬಿಡುವುದು ವಾಡಿಕೆಯಾಯಿತು. ಈ ಏರ್ಪಾಟಿನಲ್ಲಿ ಎರಡೂ ಕಡೆಗೆ ಹೋಗಬಲ್ಲವರು ಮಕ್ಕಳು ಮಾತ್ರ. ತಾಯಿಯ ಕಡೆಯಲ್ಲಿ ಕುಳಿತ ಹುಡುಗ ಹಸಿವಾದರೆ ಅಲ್ಲೇ ತಿಂದು, ಖಡ್ಗಯುದ್ಧ ಬಂದಾಗ ಹಗ್ಗದಡಿ ನುಸುಳಿ ಅಪ್ಪನ ಪಕ್ಕಕ್ಕೆ ಬಂದರೆ ಅವನನ್ನು ತಡೆಯುವವರಿರಲಿಲ್ಲ. ನಾಟಕ ಶುರುವಾಗುವುದು ಊಟದ ಹೊತ್ತು ಕಳೆದ ಮೇಲೆ, ಮುಗಿಯುವುದು ಬೆಳಗಿನ ಜಾವಕ್ಕೆ. ಮನೆಯಲ್ಲಿ ಮಕ್ಕಳನ್ನು ಬಿಟ್ಟುಬರುವಂತಿಲ್ಲದ ತಾಯಂದಿರಿಗೆ ಈ ವೇಳಾಪಟ್ಟಿ ಅನುಕೂಲವೇ ಆಯಿತು, ಏಕೆಂದರೆ ಅಡುಗೆ ಊಟ ಮುಗಿಸಿ, ದನಕರುಗಳಿಗೆ ಹುಲ್ಲು ಹಾಕಿ ಹೊರಡುವುದಕ್ಕೆ ಸಮಯ ಉಳಿಯುತ್ತಿತ್ತು.

ಕಥೆಗಳ ಆಯ್ಕೆ ಇದೇ ಲೆಕ್ಕಾಚಾರದ ಇನ್ನೊಂದು ಮುಖ. ಶೃಂಗಾರದ ವಸ್ತುಗಳು ಇಲ್ಲದಿರಲಿಲ್ಲ, ಆದರೆ ಕಂಪನಿಗಳ ಬಂಡವಾಳ ನಿಂತದ್ದು ಹರಿಶ್ಚಂದ್ರ, ಪ್ರಹ್ಲಾದ, ಧ್ರುವ, ಮಾರ್ಕಂಡೇಯ, ಕೃಷ್ಣಲೀಲೆಯಂಥ ಕಥೆಗಳ ಮೇಲೆ. ಇವುಗಳಲ್ಲಿ ಒಂದು ಸಮಾನ ಅಂಶವಿದೆ: ಎಲ್ಲದರ ನಡುವೆಯೂ ಒಂದು ಮಗುವಿದೆ, ಆ ಮಗುವಿಗೂ ಅದರ ತಂದೆತಾಯಿಗೂ ನಡುವಿನ ಸಂಕಟವೇ ನಾಟಕದ ಜೀವ. ತಂದೆಯ ತೊಡೆಯೇರಲು ಹೋಗಿ ತಳ್ಳಿಸಿಕೊಂಡ ಧ್ರುವ, ತಂದೆಯೇ ಬೆಟ್ಟದಿಂದ ಉರುಳಿಸಿದ ಪ್ರಹ್ಲಾದ, ಹಾವು ಕಚ್ಚಿ ಸತ್ತು ತಂದೆ ಕಾಯುವ ಸುಡುಗಾಡಿಗೇ ತಾಯಿಯ ತೋಳಿನಲ್ಲಿ ಬರುವ ಲೋಹಿತಾಶ್ವ, ಇವರನ್ನು ನೋಡುತ್ತಿದ್ದ ಮಕ್ಕಳು ಅಪ್ಪ ಅಮ್ಮಂದಿರ ಪಕ್ಕದಲ್ಲೇ ಕುಳಿತಿರುತ್ತಿದ್ದರೆಂಬುದನ್ನು ನೆನೆದರೆ ಈ ನಾಟಕಗಳ ಹಿಡಿತ ಅರ್ಥವಾಗುತ್ತದೆ. ಸಾಹಿತ್ಯವಿಮರ್ಶೆ ಇವನ್ನು ಸವಕಲು ಪುರಾಣವೆಂದು ಬದಿಗಿಟ್ಟದ್ದು ಓದುವ ಕೃತಿಗಳಾಗಿ ನೋಡಿದ್ದರಿಂದ. ಕುಟುಂಬವೊಂದು ಕೂತು ನೋಡುವ ಪ್ರಯೋಗಗಳಾಗಿ ಅವುಗಳಿಗೆ ಇದ್ದ ಹದ ಪುಸ್ತಕದ ಪುಟದಲ್ಲಿ ಸಿಗುವಂಥದಲ್ಲ.

ವರದಾಚಾರ್ಯರ ಹಿರಣ್ಯಕಶಿಪು ಆ ಕಾಲದ ದೊಡ್ಡ ಮಾತಾಗಿತ್ತು. 1869ರಲ್ಲಿ ಹುಟ್ಟಿ 1926ರಲ್ಲಿ ತೀರಿಕೊಂಡ ಅವರು ಗಾಯಕರಾಗಿಯೂ ನಟರಾಗಿಯೂ ಮೈಸೂರು ಸೀಮೆಯ ವಿದ್ಯಾವಂತ ಮನೆತನಗಳನ್ನು ನಾಟಕಕ್ಕೆ ಒಲಿಸಿದವರು. ದೈತ್ಯನ ಪಾತ್ರವನ್ನು ಬರಿಯ ಆರ್ಭಟವಾಗಿಸದೆ, ಮಗನ ಮೇಲಿನ ಪ್ರೀತಿಯೂ ಹಟವೂ ಒಂದಕ್ಕೊಂದು ತಾಕಲಾಡುವ ತಂದೆಯನ್ನಾಗಿ ಕಾಣಿಸಿದ್ದು ಅವರ ಹೆಗ್ಗಳಿಕೆ ಎಂದು ಹೇಳುತ್ತಾರೆ. ಪ್ರಹ್ಲಾದ ನಾಟಕದಲ್ಲಿ ಮಕ್ಕಳು ಕಾಯುತ್ತಿದ್ದುದು ಕಂಬ ಒಡೆಯುವ ಗಳಿಗೆಗೆ. ಕಣ್ಣೆವೆಯೊಳಗೆ ದೃಶ್ಯ ಬದಲಾಗುವ, ಕಂಬ ಸೀಳಿ ದೇವರು ಹೊರಬರುವ ಇಂಥ ಚಮತ್ಕಾರಗಳನ್ನು ಕಂಪನಿಯವರು 'ಟ್ರಾನ್ಸ್‌ಫರ್ ಸೀನು', 'ಟ್ರಿಕ್ ಸೀನು' ಎಂದು ಕರೆಯುತ್ತಿದ್ದರು. ಪಾರ್ಸಿ ಕಂಪನಿಗಳಿಂದ ಕಲಿತ ಈ ವಿದ್ಯೆಗೆ ಬಡಗಿಯೂ ಪರದೆ ಬರೆಯುವ ಚಿತ್ರಕಾರನೂ ನಟರಷ್ಟೇ ಮುಖ್ಯರಾಗಿದ್ದರು. ಬೀದಿಯ ಪರದೆ, ಕಾಡಿನ ಪರದೆ, ದರ್ಬಾರಿನ ಪರದೆ ಎಂದು ಸುರುಳಿ ಸುತ್ತಿ ಇಳಿಬಿಡುತ್ತಿದ್ದ ಬಟ್ಟೆಗಳೇ ಕಂಪನಿಯ ಆಸ್ತಿ, ಸಾಲಕ್ಕೆ ಒತ್ತೆ ಬೀಳುತ್ತಿದ್ದುದೂ ಅವೇ.

ಇಷ್ಟೆಲ್ಲ ಇದ್ದರೂ ಒಂದು ನಾಟಕವನ್ನು ಅದೇ ಕುಟುಂಬ ಅದೇ ಕ್ಯಾಂಪಿನಲ್ಲಿ ಎರಡನೆಯ ಸಲ, ಮೂರನೆಯ ಸಲ ನೋಡಲು ಬರಬೇಕಾದರೆ ಕಥೆಯ ಕುತೂಹಲ ನೆರವಾಗದು, ಏಕೆಂದರೆ ಕಥೆ ಮೊದಲೇ ಗೊತ್ತಿತ್ತು. ಅಲ್ಲಿ ದುಡಿದದ್ದು ರಂಗಗೀತೆ. ನಾಂದಿಯ ಪ್ರಾರ್ಥನೆಯಿಂದ ಮಂಗಳದವರೆಗೆ ಒಂದೊಂದು ನಾಟಕದಲ್ಲಿ ಹತ್ತಾರು ಹಾಡುಗಳಿರುತ್ತಿದ್ದವು. ಕವಿ ಹೊಸ ಮಾತುಗಳನ್ನು ಬರೆಯುತ್ತಿದ್ದುದು ಹೆಚ್ಚಾಗಿ ಈಗಾಗಲೇ ಜನಕ್ಕೆ ಪರಿಚಿತವಾದ 'ಮಟ್ಟು'ಗಳಿಗೆ, ಅಂದರೆ ಕೀರ್ತನೆ, ಪಾರ್ಸಿ ನಾಟಕ, ಮರಾಠಿ ನಾಟ್ಯಗೀತಗಳಿಂದ ಬಂದ ಧಾಟಿಗಳಿಗೆ. ಮೈಸೂರಿನ ಕಂಪನಿಗಳು ಕರ್ನಾಟಕ ಸಂಗೀತದ ರಾಗಗಳತ್ತ, ಧಾರವಾಡ ಗದಗಿನವು ಹಿಂದೂಸ್ತಾನಿಯತ್ತ ವಾಲಿದವು, ಆದರೆ ಬೆರಕೆಗೆ ಎಲ್ಲಿಯೂ ಅಡ್ಡಿಯಿರಲಿಲ್ಲ. ಈ ಸಂಗೀತದ ಯಂತ್ರವೆಂದರೆ ರಂಗದ ಮುಂದಿನ ತಗ್ಗಿನಲ್ಲಿ ಇರಿಸುತ್ತಿದ್ದ ಕಾಲು ಹಾರ್ಮೋನಿಯಂ. ಎರಡು ಪಾದಗಳಿಂದ ತಿದಿಯನ್ನು ತುಳಿಯುವುದರಿಂದ ನುಡಿಸುವವರಿಗೆ ಎರಡೂ ಕೈ ಬಿಡುವಾಗಿ, ನಟನ ದನಿಯನ್ನು ಹಿಂಬಾಲಿಸುವುದಕ್ಕೂ ಅವನು ಉಸಿರು ತೆಗೆದುಕೊಳ್ಳುವಾಗ ಸಂದು ತುಂಬುವುದಕ್ಕೂ ಆಗುತ್ತಿತ್ತು. 'ಮೇಷ್ಟ್ರು' ಎಂದು ಎಲ್ಲರೂ ಕರೆಯುತ್ತಿದ್ದ ಈ ವಾದಕರು ನಟ ಮಾತು ಮರೆತರೆ ಒಂದು ಸ್ವರ ಒತ್ತಿ ಹಿಡಿದು ಕಾಯುತ್ತಿದ್ದರು, ಹಾಡು ಬರುವ ಮೊದಲೇ ಶ್ರುತಿ ಕೊಟ್ಟು ಎಚ್ಚರಿಸುತ್ತಿದ್ದರು. ಮೈಕು ಇಲ್ಲದ ಕಾಲದಲ್ಲಿ ಗ್ಯಾಸ್‌ಲೈಟಿನ ಗುಂಯ್‌ಗುಡುವಿಕೆಯನ್ನೂ ಮಕ್ಕಳ ಅಳುವನ್ನೂ ಮೀರಿ ಕೊನೆಯ ಸಾಲಿಗೆ ಮುಟ್ಟಬೇಕಾಗಿದ್ದುದರಿಂದ ನಟರು ಎತ್ತರದ ಶ್ರುತಿಯಲ್ಲೇ ಹಾಡುತ್ತಿದ್ದರು. ಹಳೆಯ ಗ್ರಾಮಫೋನ್ ಪ್ಲೇಟುಗಳಲ್ಲಿ ಉಳಿದಿರುವ ರಂಗಗೀತೆಗಳು ಇಂದಿನ ಕಿವಿಗೆ ಕಿರುಚಿದಂತೆ ಕೇಳಿಸುವುದಕ್ಕೆ ತಗಡಿನ ಥಿಯೇಟರಿನ ಉದ್ದವೇ ಒಂದು ಕಾರಣ.

ಹಾಡು ಮೆಚ್ಚಿಗೆಯಾದರೆ 'ವನ್ಸ್ ಮೋರ್' ಎಂಬ ಕೂಗು ಏಳುತ್ತಿತ್ತು, ನಟ ಮತ್ತೆ ಹಾಡಲೇಬೇಕಾಗಿತ್ತು. ಸತ್ತು ಬಿದ್ದ ಪಾತ್ರ ಎದ್ದು ನಿಂತು ಇನ್ನೊಮ್ಮೆ ಹಾಡಿ ಮತ್ತೆ ಬಿದ್ದು ಸತ್ತ ಕಥೆಗಳನ್ನು ರಂಗದ ಹಿರಿಯರು ನಗುತ್ತ ಹೇಳಿಕೊಳ್ಳುವುದುಂಟು. ನಾಟಕದ ಬಿಗಿಗೆ ಇದರಿಂದ ಧಕ್ಕೆಯಾಗುತ್ತಿತ್ತೆಂದು ಆಕ್ಷೇಪಿಸಿದ ಸುಧಾರಕರ ಮಾತಿನಲ್ಲಿ ಸತ್ಯವಿದೆ. ಆದರೆ ಲೋಹಿತಾಶ್ವನ ತಾಯಿ ಚಂದ್ರಮತಿಯ ಶೋಕಗೀತೆಯನ್ನು ಮತ್ತೊಮ್ಮೆ ಹಾಡಿಸಿದವರು ಕಥೆಯನ್ನು ಮರೆತವರಲ್ಲ, ಅಳುವುದಕ್ಕೆಂದೇ ಹಣ ಕೊಟ್ಟು ಬಂದವರು. ಥಿಯೇಟರಿನಲ್ಲೇ ಮಾರುತ್ತಿದ್ದ ಅಗ್ಗದ ಹಾಡಿನ ಪುಸ್ತಕವನ್ನು ಓದು ಬರಹ ಬಲ್ಲವರು ಕೊಂಡುಹೋಗಿ ಮನೆಯಲ್ಲಿ ಹಾಡುತ್ತಿದ್ದರು, ಬಾರದವರು ಕೇಳಿಯೇ ಕಲಿಯುತ್ತಿದ್ದರು. ಹೀಗೆ ಬೀಸುವ ಕಲ್ಲಿನ ಬಳಿಗೂ ತೊಟ್ಟಿಲಿನ ಬಳಿಗೂ ತಲುಪಿದ ಹಾಡು ಮುಂದಿನ ಕ್ಯಾಂಪಿಗೆ ಹ್ಯಾಂಡ್‌ಬಿಲ್ಲಿಗಿಂತ ಗಟ್ಟಿಯಾದ ಪ್ರಚಾರವಾಗಿತ್ತು.

ಮಡಿಲಿನಲ್ಲಿದ್ದ ಮಗು ರಂಗದ ಮೇಲೆ ತನ್ನ ಪ್ರಾಯದ ಮಗುವನ್ನೇ ನೋಡುತ್ತಿತ್ತು. ಬಾಲನಟರಿಲ್ಲದೆ ಈ ನಾಟಕಗಳು ನಡೆಯುವಂತಿರಲಿಲ್ಲ. ಕಂಠವಿದ್ದ ಹುಡುಗನನ್ನು ಕಂಪನಿಗೆ ಸೇರಿಸಿಕೊಳ್ಳಲು ಮಾಲೀಕರು ಹಳ್ಳಿ ಹಳ್ಳಿಗಳಲ್ಲಿ ಕಣ್ಣಿಟ್ಟಿರುತ್ತಿದ್ದರು. 1910ರಲ್ಲಿ ಧಾರವಾಡದ ಬಳಿಯ ಮನಸೂರಿನಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ಪ್ರಹ್ಲಾದ, ಧ್ರುವನಂಥ ಪಾತ್ರಗಳಲ್ಲಿ ಹಾಡಿದವರು, ಮಿರಜದ ನೀಲಕಂಠಬುವಾ ಆಲೂರಮಠರ ಕಿವಿಗೆ ಆ ಕಂಠ ಬಿದ್ದದ್ದೂ ನಾಟಕದಲ್ಲಿಯೇ. ಬಸವರಾಜ ರಾಜಗುರುಗಳೂ ಬಾಲಕರಾಗಿ ವಾಮನರಾವ್ ಮಾಸ್ತರರ ಕಂಪನಿಯಲ್ಲಿದ್ದರು. ಧಾರವಾಡ ಸೀಮೆ ಹಿಂದೂಸ್ತಾನಿ ಸಂಗೀತದ ನೆಲವಾದದ್ದಕ್ಕೆ ಅಬ್ದುಲ್ ಕರೀಂ ಖಾನರಂಥ ಉಸ್ತಾದರ ಆಗಮನವನ್ನು ಕಾರಣವಾಗಿ ಹೇಳುವುದು ಸರಿಯೇ. ನಾಟಕ ಕಂಪನಿಗಳನ್ನು ಆ ಲೆಕ್ಕಕ್ಕೆ ಸೇರಿಸದಿರುವುದು ಸರಿಯಲ್ಲ. ದಕ್ಷಿಣದಲ್ಲಿ ಗುಬ್ಬಿ ಕಂಪನಿಯೇ ಅಂಥ ಶಾಲೆ. ಅಲ್ಲಿ ಹಿರಣ್ಯಕಶಿಪುವಿನಂಥ ರೌದ್ರ ಪಾತ್ರಗಳಿಗೆ ಹೆಸರಾಗಿದ್ದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆಗೆ ಅವರ ಮಗ ಮುತ್ತುರಾಜನೂ ಎಳೆಯ ವಯಸ್ಸಿನಲ್ಲೇ ಕಂಪನಿ ಸೇರಿದ. ಆ ಹುಡುಗನೇ 1954ರಲ್ಲಿ, ರಂಗದಿಂದಲೇ ಬಂದ 'ಬೇಡರ ಕಣ್ಣಪ್ಪ' ಚಿತ್ರದಿಂದ ರಾಜಕುಮಾರ್ ಎಂದಾದದ್ದು. ಬಂಟ್ವಾಳದ ಕಡೆಯಿಂದ ಮನೆ ಬಿಟ್ಟು ಬಂದು ಗುಬ್ಬಿ ಕಂಪನಿ ಸೇರಿದ ಇನ್ನೊಬ್ಬ ಹುಡುಗ ಬಿ.ವಿ. ಕಾರಂತ. ಆಧುನಿಕ ಭಾರತೀಯ ರಂಗಸಂಗೀತಕ್ಕೆ ಅವರು ತಂದ ಹೊಸತನದ ಬೇರುಗಳಲ್ಲಿ ಒಂದು ಆ ಕಾಲು ಹಾರ್ಮೋನಿಯಂನ ಬಳಿಯಲ್ಲಿದೆ.

1891ರಲ್ಲಿ ಹುಟ್ಟಿದ ಗುಬ್ಬಿ ವೀರಣ್ಣನವರು ತಾವೇ ಬಾಲನಟರಾಗಿ ಬಂದು ಕಂಪನಿಯ ಒಡೆಯರಾದವರು, ಆದ್ದರಿಂದ ಮಕ್ಕಳಿಗೆ ಏನು ಬೇಕೆಂಬುದು ಅವರಿಗೆ ತಿಳಿದಿತ್ತು. ನಾಯಕನ ಪಾತ್ರಕ್ಕಿಂತ ಹಾಸ್ಯದ ಪಾತ್ರವನ್ನು ಆರಿಸಿಕೊಂಡ ಮಾಲೀಕ ಅವರು. 'ಸದಾರಮೆ'ಯಲ್ಲಿ ಅವರ ಕಳ್ಳನ ಪಾತ್ರವನ್ನು ನೋಡಲೆಂದೇ ಮನೆಯವರೆಲ್ಲ ಬರುತ್ತಿದ್ದರು. 1934ರಲ್ಲಿ ಬೆಂಗಳೂರಿನಲ್ಲಿ ಅವರು ಬಯಲು ರಂಗದ ಮೇಲೆ ತಂದ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ, ಕುದುರೆ, ರಥಗಳಿದ್ದವು. ಕಂಪನಿಯಲ್ಲಿ ಸ್ತ್ರೀಪಾತ್ರಗಳನ್ನು ಹೆಂಗಸರೇ ಮಾಡುವ ಪದ್ಧತಿಗೆ ಬಲ ತಂದವರೂ ಅವರೇ, ಬಿ. ಜಯಮ್ಮನವರ ಅಭಿನಯ ಮತ್ತು ಗಾಯನ ಇದಕ್ಕೆ ಗೌರವ ತಂದಿತು. ಆದರೆ ಈ ವಿಷಯದಲ್ಲಿ ಉತ್ತರ ಕರ್ನಾಟಕ ಮುಂದಿತ್ತು: ಲಕ್ಷ್ಮೇಶ್ವರದ ಬಚ್ಚಾಸಾನಿ ಹೆಂಗಸರದೇ ಮಂಡಳಿ ಕಟ್ಟಿ ನಡೆಸಿದ್ದರು. ರಂಗದ ಮೇಲೆ ಹೆಂಗಸರು ಬಂದರೆ ಸಂಸಾರಸ್ಥರು ದೂರವಾಗುತ್ತಾರೆಂದು ಹೆದರಿದವರ ಲೆಕ್ಕ ತಪ್ಪಾಯಿತು. ಹೆಂಗಸರ ಕಡೆಯ ಸಾಲುಗಳು ತುಂಬಿಯೇ ಇದ್ದವು. ಮುಂದೆ 1958ರಲ್ಲಿ ಬೆಂಗಳೂರಿನಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಆರಂಭಿಸಿದ ಆರ್. ನಾಗರತ್ನಮ್ಮನವರು ಕಂಸನಂಥ ಗಂಡುಪಾತ್ರಗಳನ್ನೇ ಮಾಡಿ ಹೆಸರಾದರು.

ಕುಟುಂಬ ಪರದೆಯ ಆಚೆಗೂ ಇತ್ತು. ಒಂದೇ ಅಡುಗೆಮನೆ, ಒಂದೇ ಪಂಕ್ತಿಯ ಊಟ, ಕ್ಯಾಂಪಿನಿಂದ ಕ್ಯಾಂಪಿಗೆ ಸಾಗುವ ಸಾಮಾನು ಸರಂಜಾಮು, ಸಾಲ, ಸೂತಕ, ಮದುವೆ ಎಲ್ಲವೂ ಕಂಪನಿಯೊಳಗೇ ನಡೆಯುತ್ತಿದ್ದುದರಿಂದ ವೃತ್ತಿ ತಂದೆಯಿಂದ ಮಕ್ಕಳಿಗೆ ಇಳಿಯುವುದು ಸಹಜವಾಯಿತು. ಚಿಂದೋಡಿ ವೀರಪ್ಪನವರ ದಾವಣಗೆರೆಯ ಕಂಪನಿಯನ್ನು ಮಗಳು ಲೀಲಾ ಮುಂದುವರಿಸಿದರು, ಕೆ. ಹಿರಣ್ಣಯ್ಯನವರ ಮಿತ್ರ ಮಂಡಳಿಯನ್ನು ಮಗ ಮಾಸ್ಟರ್ ಹಿರಣ್ಣಯ್ಯ 'ಲಂಚಾವತಾರ'ದಂಥ ವಿಡಂಬನೆಗಳಿಂದ ಉಳಿಸಿದರು. ಗದಗಿನ ಪಂಚಾಕ್ಷರಿ ಗವಾಯಿಗಳ ಆಶ್ರಮದ ನಾಟ್ಯ ಸಂಘದ ಮಾತು ಸ್ವಲ್ಪ ಬೇರೆ. ಅಂಧ ಮಕ್ಕಳಿಗೆ ಅನ್ನ ಮತ್ತು ವಿದ್ಯೆ ಕೊಡುವ ಸಂಸ್ಥೆ ನಾಟಕದಿಂದಲೇ ಹಣ ಕೂಡಿಸಿಕೊಂಡದ್ದು, ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ಅದಕ್ಕೆ ನಾಟಕಗಳನ್ನು ರಚಿಸಿದ್ದು ಈ ಚರಿತ್ರೆಯ ಹೃದ್ಯವಾದ ಅಧ್ಯಾಯ.

1934ರಲ್ಲಿ 'ಸತಿ ಸುಲೋಚನ' ಮತ್ತು 'ಭಕ್ತ ಧ್ರುವ' ಚಿತ್ರಗಳು ಬಂದಾಗ ಕಂಪನಿಗಳಿಗೆ ತಕ್ಷಣ ಪೆಟ್ಟು ಬೀಳಲಿಲ್ಲ, ಏಕೆಂದರೆ ಅವುಗಳಲ್ಲಿ ಕಾಣಿಸಿಕೊಂಡ ಎಂ.ವಿ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರಂಥವರೂ ಆಡಿದ ಕಥೆಗಳೂ ರಂಗದಿಂದಲೇ ಹೋದಂಥವು. ಪೆಟ್ಟು ನಿಧಾನವಾಗಿ ಬಿತ್ತು. ಸಿನಿಮಾ ಎರಡೂವರೆ ಮೂರು ಗಂಟೆಗಳಲ್ಲಿ ಮುಗಿಯುತ್ತಿತ್ತು, ಟಿಕೆಟ್ಟು ಅಗ್ಗವಾಗಿತ್ತು, ಹಾಡು ಹಾಡುವವರಿಗೂ ನಟಿಸುವವರಿಗೂ ಒಂದೇ ಕಂಠವಿರಬೇಕಾದ ಕಟ್ಟುಪಾಡು ಅಲ್ಲಿ ಕೆಲವೇ ವರ್ಷಗಳಲ್ಲಿ ಸಡಿಲವಾಯಿತು. ಕಂಪನಿಗಳು ಸಿನಿಮಾದ ಧಾಟಿಗಳನ್ನು ತಮ್ಮ ನಾಟಕಕ್ಕೆ ತಂದುಕೊಂಡವು. ಕೊಟ್ಟದ್ದನ್ನೇ ತಿರುಗಿ ಎರವಲು ಪಡೆದ ಈ ವ್ಯವಹಾರದಲ್ಲಿ ಹಾಡು ಕ್ರಮೇಣ ಕಥೆಯಿಂದ ಕಳಚಿ, ನಡುನಡುವೆ ಬರುವ ಕುಣಿತವಾಯಿತು. ಸಾಮಾಜಿಕ ನಾಟಕಗಳ ಕಾಲದಲ್ಲಿ ಹಾಸ್ಯ ಬೆಳೆದು, ಕೆಲವು ಕಂಪನಿಗಳಲ್ಲಿ ದ್ವಂದ್ವಾರ್ಥದ ಮಾತುಗಳು ವಾಡಿಕೆಯಾದ ಮೇಲೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವುದು ತಂದೆಗೆ ಇರುಸುಮುರುಸಾಯಿತು. ಸಿನಿಮಾ, ಟಿ.ವಿ.ಗಳ ಮೇಲೆ ಎಲ್ಲ ತಪ್ಪನ್ನು ಹೊರಿಸುವ ರೂಢಿಯಿದ್ದರೂ, ಮನೆಮಂದಿಯನ್ನು ಹೊರಗೆ ಕಳಿಸಿದ್ದರಲ್ಲಿ ಕಂಪನಿಗಳದೇ ಕೈ ಸಣ್ಣದಲ್ಲ.

ರಂಗಗೀತೆ ಇಂದು ನಾಟಕವನ್ನು ಬಿಟ್ಟು ಬೇರೆಯಾಗಿ ಬದುಕಿದೆ. ಬಾಲನಟರಾಗಿ ಕಂಪನಿ ಸೇರಿದ ಆರ್. ಪರಮಶಿವನ್ ಅವರು ಹಳೆಯ ಧಾಟಿಗಳನ್ನು ಹೊಸ ತಲೆಮಾರಿಗೆ ಕಲಿಸಿದರು, ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವನ್ನು ಸಭಾಂಗಣಗಳಲ್ಲಿ ಹಾಡಿ ಉಳಿಸಿದ್ದಾರೆ. ಕಥೆಗಳು ತೆರೆಗೆ ಹೋದವು: 1983ರ 'ಭಕ್ತ ಪ್ರಹ್ಲಾದ'ದಲ್ಲಿ ರಾಜಕುಮಾರ್ ತಮ್ಮ ತಂದೆಗೆ ಹೆಸರು ತಂದಿದ್ದ ಹಿರಣ್ಯಕಶಿಪುವಿನ ಪಾತ್ರ ವಹಿಸಿ, ಪ್ರಹ್ಲಾದನಾಗಿ ಮಗ ಪುನೀತನನ್ನು ಎದುರಿಗೆ ನಿಲ್ಲಿಸಿಕೊಂಡರು. ಕ್ಯಾಂಪು ಉಳಿದಿರುವುದು ಮುಖ್ಯವಾಗಿ ಉತ್ತರದ ಜಾತ್ರೆಗಳಲ್ಲಿ. ಬಾದಾಮಿಯ ಬಳಿಯ ಬನಶಂಕರಿಯಲ್ಲಿ ಪುಷ್ಯ ಮಾಸದ ಹುಣ್ಣಿಮೆಯ ತೇರಿನಿಂದ ಆರಂಭವಾಗಿ ವಾರಗಟ್ಟಲೆ ನಡೆಯುವ ಜಾತ್ರೆಗೆ ಹಲವಾರು ಕಂಪನಿಗಳು ಒಟ್ಟಿಗೆ ಬಂದು ಅಕ್ಕಪಕ್ಕದಲ್ಲೇ ಥಿಯೇಟರು ಹಾಕುತ್ತವೆ. ದಿನಕ್ಕೆ ಒಂದಕ್ಕಿಂತ ಹೆಚ್ಚು ಆಟಗಳು ನಡೆದು, ಕೊನೆಯದು ನಡುರಾತ್ರಿ ದಾಟುತ್ತದೆ. ಕಾಲು ಹಾರ್ಮೋನಿಯಂನ ಜಾಗದಲ್ಲಿ ಕೀಬೋರ್ಡು ಬಂದಿದೆ, ಹಾಡುಗಳಲ್ಲಿ ಹೆಚ್ಚಿನವು ಸಿನಿಮಾದವು. ದೇವಿಯ ದರ್ಶನ ಮುಗಿಸಿ, ಕಟ್ಟಿತಂದ ರೊಟ್ಟಿ ಬುತ್ತಿ ಬಿಚ್ಚಿ ಉಂಡ ಸುತ್ತಲಿನ ಹಳ್ಳಿಗಳ ಸಂಸಾರಗಳು ಯಾವ ಕಂಪನಿಯ ಬಾಗಿಲಿಗೆ ಹೋಗಬೇಕೆಂದು ಧ್ವನಿವರ್ಧಕಗಳ ಪೈಪೋಟಿಯ ನಡುವೆ ಅಲ್ಲಿಯೇ ನಿಂತು ನಿರ್ಧರಿಸುತ್ತವೆ.